ಬಿಸಿಯೇರುವ ಭೂಮಿ ಮತ್ತು ಕಾಲೇಜು ವಿದ್ಯಾರ್ಥಿಯ ಅರಿವು

ನೀವು ಕಾಲೇಜು ವಿದ್ಯಾರ್ಥಿಯಾಗಿದ್ದರೆ ಮುಂದಿನ ಸಾಲುಗಳನ್ನು ಓದುವ ಮೊದಲು ಒಂದು ಕಾಗದ ತೆಗೆದುಕೊಂಡು ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಭೂಮಿ ಏಕೆ ಬಿಸಿಯಾಗುತ್ತಿದೆ? ಅದನ್ನು ತಡೆಯಲು ಏನು ಮಾಡಬೇಕು? ನೀವು ತಂದೆ ತಾಯಿಯಾಗಿದ್ದರೆ ಇಂದು ರಾತ್ರಿಯ ಊಟದ ವೇಳೆ ಮಕ್ಕಳೊಡನೆ ಇವೇ ಪ್ರಶ್ನೆಗಳನ್ನು ಕೇಳಿ ನೋಡಿರಿ.

ಹೆಚ್ಚಿನವರ ಉತ್ತರ ಹೀಗಿರುತ್ತದೆ: ಓಝೋನ್ ಪದರದಲ್ಲಿ ರಂಧ್ರವಾಗಿದೆ, ಅದರ ಮೂಲಕ ಸೂರ್ಯನ ಬಿಸಿ ನೇರವಾಗಿ ಒಳಗೆ ಬರುತ್ತಿದೆ. ಪರಿಹಾರವೆಂದರೆ ಗಿಡ ನೆಡಬೇಕು, ಪ್ಲಾಸ್ಟಿಕ್ ಬಿಡಬೇಕು, ಸರಕಾರ ಕ್ರಮ ಕೈಗೊಳ್ಳಬೇಕು. ಈ ಉತ್ತರ ಕೇಳಲು ಚೆನ್ನಾಗಿದೆ. ಆದರೆ ಇದರ ಮೊದಲ ಭಾಗ ತಪ್ಪು, ಎರಡನೆಯ ಭಾಗ ಅರ್ಧ ಸತ್ಯ.

ಇದು ನಮ್ಮ ಮಕ್ಕಳಲ್ಲಿ ಮಾತ್ರ ಕಾಣುವ ದೋಷವಲ್ಲ. 1993ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಬಾಯ್ಸ್ ಮತ್ತು ಮಾರ್ಟಿನ್ ಸ್ಟ್ಯಾನಿಸ್ಟ್ರೀಟ್ ಎಂಬ ಸಂಶೋಧಕರು ಶಾಲಾ ಮಕ್ಕಳ ತಿಳುವಳಿಕೆಯನ್ನು ಪರೀಕ್ಷಿಸಿ ಇದೇ ಗೊಂದಲವನ್ನು ಗುರುತಿಸಿದ್ದರು. ಆ ಬಳಿಕ ಬೇರೆ ಬೇರೆ ದೇಶಗಳಲ್ಲಿ ಕಾಲೇಜು ವಿದ್ಯಾರ್ಥಿಗಳ ಮತ್ತು ಶಿಕ್ಷಕ ತರಬೇತಿ ಪಡೆಯುವವರ ನಡುವೆ ನಡೆದ ಅಧ್ಯಯನಗಳಲ್ಲೂ ಅದೇ ಕಂಡುಬಂತು. ನಮ್ಮ ದೇಶದಲ್ಲಿ ಪರಿಸರದ ಪಾಠಕ್ಕೆ ಕೊರತೆಯೇನೂ ಇಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಹಂತಗಳಲ್ಲೂ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಆದೇಶಿಸಿತು. ಮುಂದೆ ಯುಜಿಸಿ ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯವನ್ನೇ ರೂಪಿಸಿತು. ವಿದ್ಯಾರ್ಥಿ ಅದನ್ನು ಓದುತ್ತಾನೆ, ಪರೀಕ್ಷೆ ಬರೆಯುತ್ತಾನೆ, ಅಂಕ ಪಡೆಯುತ್ತಾನೆ. ಮನಸ್ಸಿನಲ್ಲಿರುವ ತಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ.

ಇದರಲ್ಲಿ ಧರ್ಮಕ್ಕೇನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳ ಆಳವಾದುದು. ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದು. ಕಿವಿ, ಕಣ್ಣು ಮತ್ತು ಹೃದಯ ಇವೆಲ್ಲವುಗಳ ಬಗ್ಗೆಯೂ ಮನುಷ್ಯನನ್ನು ಪ್ರಶ್ನಿಸಲಾಗುವುದು ಎಂದು ಪವಿತ್ರ ಕುರ್‌ಆನ್ ಎಚ್ಚರಿಸುತ್ತದೆ (17:36). ಕೇಳಿದ್ದನ್ನು ಪರೀಕ್ಷಿಸದೆ ನಂಬುವುದೂ ನಂಬಿದ್ದನ್ನು ಇತರರಿಗೆ ಹಬ್ಬಿಸುವುದೂ ವಿಚಾರಣೆಗೆ ಒಳಪಡುವ ಕೃತ್ಯಗಳೇ ಆಗಿವೆ. ರೋಗ ಯಾವುದೆಂದು ಅರಿಯದವನು ಮದ್ದನ್ನೂ ತಪ್ಪಾಗಿಯೇ ಕೊಡುತ್ತಾನೆ. ಆದ್ದರಿಂದ ಒಂದೊಂದಾಗಿ ನೋಡೋಣ.

ಕೊಡೆ ಮತ್ತು ಕಂಬಳಿ

ಓಝೋನ್ ಪದರ ಭೂಮಿಗೆ ಹಿಡಿದ ಕೊಡೆಯಂತಿದೆ. ಸೂರ್ಯನಿಂದ ಬರುವ ನೇರಳಾತೀತ ಕಿರಣಗಳನ್ನು ಅದು ತಡೆಯುತ್ತದೆ. ಆ ಕಿರಣಗಳಿಂದ ಚರ್ಮದ ಕ್ಯಾನ್ಸರ್ ಮತ್ತು ಕಣ್ಣಿನ ಪೊರೆಯಂತಹ ತೊಂದರೆಗಳು ಬರುತ್ತವೆ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಈ ಪದರ ತೆಳುವಾಗಿರುವುದನ್ನು ಪ್ರಕಟಿಸಿದರು. ಫ್ರಿಜ್ ಮುಂತಾದವುಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಅದಕ್ಕೆ ಕಾರಣವಾಗಿದ್ದವು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ಜಗತ್ತಿನ ರಾಷ್ಟ್ರಗಳು ಆ ಅನಿಲಗಳನ್ನು ಕೈಬಿಟ್ಟವು. ಇಂದು ಓಝೋನ್ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಆದರೂ ಭೂಮಿಯ ಬಿಸಿ ಏರುತ್ತಲೇ ಇದೆ. ಅಂದರೆ ಕಾರಣ ಬೇರೆಯೇ ಇದೆ ಎಂದಾಯಿತು.

ಆ ಕಾರಣವನ್ನು ಕಂಬಳಿಗೆ ಹೋಲಿಸಬಹುದು. ಸೂರ್ಯನ ಬೆಳಕಿನಿಂದ ಕಾದ ಭೂಮಿ ರಾತ್ರಿ ಹಗಲೆನ್ನದೆ ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ಆಕಾಶದ ಕಡೆಗೆ ಬಿಡುತ್ತಿರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಮಿಥೇನ್, ನೀರಾವಿ ಮುಂತಾದವು ಆ ಶಾಖದ ಒಂದಂಶವನ್ನು ಹಿಡಿದು ಮರಳಿ ಕೆಳಕ್ಕೆ ಕಳುಹಿಸುತ್ತವೆ. ಈ ಕಂಬಳಿ ಕೆಟ್ಟದ್ದಲ್ಲ. ಇದು ಸೃಷ್ಟಿಕರ್ತನ ಮಹಾ ಅನುಗ್ರಹ. ಇದಿಲ್ಲದಿದ್ದರೆ ಭೂಮಿಯ ಸರಾಸರಿ ತಾಪ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿರುತ್ತಿತ್ತು, ಸಮುದ್ರಗಳೂ ಹೆಪ್ಪುಗಟ್ಟುತ್ತಿದ್ದವು. ಇದಿರುವುದರಿಂದ ಅದು 15 ಡಿಗ್ರಿಯ ಆಸುಪಾಸಿನಲ್ಲಿದೆ. ಅಲ್ಲಾಹನು ಆಕಾಶವನ್ನು ಎತ್ತರಿಸಿ ತಕ್ಕಡಿಯನ್ನು ಸ್ಥಾಪಿಸಿದನೆಂದೂ ಆ ತೂಕದಲ್ಲಿ ಮನುಷ್ಯರು ಮೇರೆ ಮೀರಬಾರದೆಂದೂ ಸೂರಃ ಅರ್ರಹ್ಮಾನ್ ಹೇಳುತ್ತದೆ (55:7-9). ಈ ತಕ್ಕಡಿಯ ಒಂದು ಉದಾಹರಣೆ ನಮ್ಮ ತಲೆಯ ಮೇಲೆಯೇ ಇದೆ.

ನಾವು ಮೇರೆ ಮೀರಿದ್ದು ಎಲ್ಲಿ? ಕೋಟ್ಯಂತರ ವರ್ಷಗಳಿಂದ ನೆಲದಡಿಯಲ್ಲಿ ಹೂತಿದ್ದ ಕಲ್ಲಿದ್ದಲು, ಎಣ್ಣೆ ಮತ್ತು ಅನಿಲವನ್ನು ಅಗೆದು ಸುಟ್ಟು ಕಂಬಳಿಯನ್ನು ದಪ್ಪ ಮಾಡಿದೆವು. ಕೈಗಾರಿಕಾ ಕ್ರಾಂತಿಗೆ ಮುಂಚೆ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಇತ್ತು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಅಳತೆ ಆರಂಭವಾದಾಗ ಅದು 315ರಷ್ಟಾಗಿತ್ತು. 2024ರಲ್ಲಿ 420ನ್ನೂ ದಾಟಿತ್ತು. ಇದು ಯಾರದೋ ಊಹೆಯಲ್ಲ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹಿಡಿಯುತ್ತದೆಂದು ಜಾನ್ ಟಿಂಡಾಲ್ 1859ರಲ್ಲಿಯೇ ಪ್ರಯೋಗದ ಮೂಲಕ ತೋರಿಸಿದ್ದರು. ಕಲ್ಲಿದ್ದಲು ಸುಡುವುದರಿಂದ ಭೂಮಿ ಬಿಸಿಯಾಗಬಹುದೆಂದು ಸ್ವೀಡನ್ನಿನ ಆರೇನಿಯಸ್ 1896ರಲ್ಲಿ ಲೆಕ್ಕ ಹಾಕಿದ್ದರು.

ಒಂದು ಸೆಕೆಯ ದಿನವೂ ಮೂವತ್ತು ವರ್ಷಗಳೂ

ಎರಡನೆಯ ತಪ್ಪು, ಇಂದಿನ ಹವೆಯನ್ನು ನೋಡಿ ತೀರ್ಪು ಕೊಡುವುದು. ಮಾರ್ಚ್ ತಿಂಗಳ ಸೆಕೆಯಲ್ಲಿ ಬೆವರಿದಾಗ ಭೂಮಿ ಬಿಸಿಯಾಯಿತು ಎನ್ನುತ್ತೇವೆ. ಡಿಸೆಂಬರಿನಲ್ಲಿ ಚಳಿ ಜೋರಾದರೆ ಅದೆಲ್ಲ ಸುಳ್ಳು ಎನ್ನುತ್ತೇವೆ. ಎರಡೂ ಸರಿಯಲ್ಲ. ಒಂದು ದಿನದ ಬಿಸಿಲು ಮಳೆ ಹವೆ ಎನಿಸುತ್ತದೆ. ಮೂವತ್ತು ವರ್ಷಗಳ ಸರಾಸರಿಯನ್ನು ಹವಾಮಾನ ಎನ್ನುತ್ತಾರೆ. ಒಬ್ಬ ವಿದ್ಯಾರ್ಥಿ ಒಂದು ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಮಾತ್ರಕ್ಕೆ ದಡ್ಡನಾಗುವುದಿಲ್ಲ. ಮೂರು ವರ್ಷಗಳ ಅಂಕಪಟ್ಟಿ ನೋಡಬೇಕು.

ಭೂಮಿಯ ಅಂಕಪಟ್ಟಿ ಏನು ಹೇಳುತ್ತದೆ? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರ ವರೆಗಿನ ದಶಕ ಸುಮಾರು 1.1 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿತ್ತು. 2024ನೇ ವರ್ಷವಂತೂ ಅಳತೆ ಆರಂಭವಾದ ಬಳಿಕ ಅತ್ಯಂತ ಬಿಸಿಯಾದ ವರ್ಷವೆಂದು ವಿಶ್ವ ಹವಾಮಾನ ಸಂಸ್ಥೆ ದಾಖಲಿಸಿತು. ಒಂದು ಡಿಗ್ರಿ ಯಾವ ಲೆಕ್ಕ ಎಂದು ನಗಬೇಡಿರಿ. ದೇಹದ ಉಷ್ಣತೆ ಎರಡು ಡಿಗ್ರಿ ಏರಿದರೆ ನಾವು ಹಾಸಿಗೆ ಹಿಡಿಯುತ್ತೇವೆ. ಸರಾಸರಿ ಸ್ವಲ್ಪ ಏರಿದಾಗ ಅತಿಯಾದ ಬಿಸಿ, ಅತಿಯಾದ ಮಳೆ, ಅತಿಯಾದ ಬರ ಪದೇ ಪದೇ ಬರುತ್ತವೆ. ಬಿಸಿಗಾಳಿ ಹೆಚ್ಚು ನೀರಾವಿಯನ್ನು ಹೊತ್ತುಕೊಳ್ಳುತ್ತದೆ. ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ.

2022ರಲ್ಲಿ ಪಾಕಿಸ್ತಾನದ ಪ್ರವಾಹದಿಂದ 3 ಕೋಟಿ 30 ಲಕ್ಷ ಜನರು ಬಾಧಿತರಾದರು. 2024ರ ಜೂನ್ ತಿಂಗಳಲ್ಲಿ ಹಜ್ಜ್ ನಡೆದಾಗ ಮಕ್ಕಾದ ತಾಪ 51.8 ಡಿಗ್ರಿಗೆ ಮುಟ್ಟಿತು. ಆ ವರ್ಷ 1,300ಕ್ಕೂ ಹೆಚ್ಚು ಯಾತ್ರಿಕರು ಅಸುನೀಗಿದರು. ನೆರಳಿನ ಆಸರೆಯಿಲ್ಲದೆ ಬಿಸಿಲಲ್ಲಿ ದೂರ ನಡೆದವರೇ ಅವರಲ್ಲಿ ಹೆಚ್ಚಿದ್ದರು. ನಮ್ಮ ರಾಜ್ಯದಲ್ಲಿ 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2023ರಲ್ಲಿ ಇನ್ನೂರಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟವು. ಇವುಗಳಲ್ಲಿ ಪ್ರತಿಯೊಂದಕ್ಕೂ ಭೂಮಿಯ ಬಿಸಿಯೊಂದೇ ಕಾರಣವೆಂದು ಹೇಳುವುದು ಪ್ರಾಮಾಣಿಕತೆಯಲ್ಲ. ಬೆಟ್ಟ ಕಡಿದದ್ದು, ಕೆರೆ ಮುಚ್ಚಿದ್ದು, ವ್ಯವಸ್ಥೆಯ ಲೋಪ ಎಲ್ಲವೂ ಸೇರಿರುತ್ತವೆ. ಆದರೆ ಇಂತಹ ಅತಿರೇಕಗಳ ಸಂಭವವನ್ನು ಬಿಸಿಯೇರಿದ ಭೂಮಿ ಹೆಚ್ಚಿಸುತ್ತದೆ ಎಂಬುದು ನಿಜ.

ಗಿಡ ನೆಟ್ಟರೆ ಮುಗಿಯಿತೇ?

ಮೂರನೆಯದು ಪರಿಹಾರದ ಕುರಿತಾದ ತಪ್ಪು. ಎಲ್ಲ ಮಾಲಿನ್ಯವೂ ಒಂದೇ, ಯಾವುದೇ ಒಳ್ಳೆಯ ಕೆಲಸ ಮಾಡಿದರೂ ಭೂಮಿ ತಂಪಾಗುತ್ತದೆ ಎಂದು ಅನೇಕ ವಿದ್ಯಾರ್ಥಿಗಳು ಭಾವಿಸಿದ್ದಾರೆ. ರಸ್ತೆಯಲ್ಲಿ ಬಿದ್ದ ಪ್ಲಾಸ್ಟಿಕ್ ಚರಂಡಿಯನ್ನು ಕಟ್ಟುತ್ತದೆ, ದನಗಳ ಹೊಟ್ಟೆ ಸೇರುತ್ತದೆ. ಅದನ್ನು ಹೆಕ್ಕುವುದು ಪುಣ್ಯದ ಕೆಲಸವೇ. ದಾರಿಯಿಂದ ತೊಂದರೆಯ ವಸ್ತುವನ್ನು ನಿವಾರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಆದರೆ ಭೂಮಿಯ ಬಿಸಿಗೆ ಮುಖ್ಯ ಕಾರಣ ಅದಲ್ಲ. ಪ್ಲಾಸ್ಟಿಕ್ ತಯಾರಿಸುವಾಗ ಮತ್ತು ಸುಡುವಾಗ ಇಂಗಾಲ ಹೊರಬರುತ್ತದೆ ಎಂಬಷ್ಟು ಸಂಬಂಧ ಇದೆ.

ಗಿಡ ನೆಡುವ ವಿಷಯದಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಬ್ಬ ವಿದ್ಯಾರ್ಥಿ ದಿನಕ್ಕೆ 20 ಕಿಲೋಮೀಟರ್ ಬೈಕ್ ಓಡಿಸಿದರೆ, ಲೀಟರಿಗೆ 45 ಕಿಲೋಮೀಟರ್ ಎಂದು ಹಿಡಿದರೂ, ದಿನಕ್ಕೆ ಸುಮಾರು 1 ಕಿಲೋ ಆಯಿತು. ವರ್ಷದಲ್ಲಿ 220 ದಿನ ಕಾಲೇಜಿಗೆ ಹೋದರೆ 220 ಕಿಲೋ. ಒಂದು ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಹೀರುವುದು ಸಾಮಾನ್ಯವಾಗಿ 20 ಕಿಲೋದ ಆಸುಪಾಸು. ಜಾತಿ, ವಯಸ್ಸು, ಮಳೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗಬಹುದು. ಅಂದರೆ ಈ ಒಂದು ಬೈಕಿಗೆ ಹತ್ತಕ್ಕೂ ಹೆಚ್ಚು ದೊಡ್ಡ ಮರಗಳು ಬೇಕು. ವಿಶ್ವ ಪರಿಸರ ದಿನದಂದು ಫೋಟೋ ತೆಗೆಸಿಕೊಂಡು ನೆಟ್ಟ ಸಸಿ ಮರುವರ್ಷದ ಬೇಸಿಗೆಗೆ ಒಣಗಿದರೆ ಅದು ಹೀರುವುದು ಏನನ್ನು? ಮರವನ್ನು ಕಡಿದು ಸುಟ್ಟರೆ ಹೀರಿದ್ದೆಲ್ಲ ಮತ್ತೆ ಗಾಳಿಗೇ ಸೇರುತ್ತದೆ.

ಹಾಗೆಂದು ಗಿಡ ನೆಡಬೇಡಿರಿ ಎಂದಲ್ಲ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ದಾನವಾಗುವುದೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳ ಹದೀಸ್ ತಿಳಿಸುತ್ತದೆ. ಅಂತ್ಯ ದಿನ ಸಮೀಪಿಸಿದಾಗ ಕೈಯಲ್ಲಿ ಸಸಿಯಿದ್ದರೆ ಸಾಧ್ಯವಾದಲ್ಲಿ ಅದನ್ನೂ ನೆಡಬೇಕೆಂದು ಮುಸ್ನದ್ ಅಹ್ಮದ್‌ನ ವರದಿಯಲ್ಲಿದೆ. ನೆಡಿರಿ, ನೀರು ಹಾಕಿ ಬೆಳೆಸಿರಿ. ಆದರೆ ನೆಟ್ಟ ಒಂದು ಸಸಿಯನ್ನು ಉಳಿದೆಲ್ಲ ದುಂದಿಗೂ ಪರಿಹಾರವೆಂದು ತಿಳಿಯಬೇಡಿರಿ.

ಭಾರ ಎಲ್ಲಿದೆಯೋ ಅಲ್ಲಿ ಕೈ ಹಾಕಬೇಕು

ಬಿಸಿಯ ಭಾರ ಇರುವುದು ಮುಖ್ಯವಾಗಿ ವಿದ್ಯುತ್, ವಾಹನ, ಕಾರ್ಖಾನೆ, ಕೃಷಿ ಮತ್ತು ಕಾಡು ಕಡಿಯುವುದರಲ್ಲಿ. ಇವುಗಳಲ್ಲಿ ಒಬ್ಬ ವಿದ್ಯಾರ್ಥಿಯ, ಒಂದು ಮನೆಯ, ಒಂದು ಜಮಾಅತ್‌ನ ಕೈಗೆಟಕುವವು ಯಾವುವು?

ಒಂದನೆಯದು ವಿದ್ಯುತ್. ಗುಂಡಿ ಒತ್ತಿದಾಗ ಹೊಗೆ ಕಾಣುವುದಿಲ್ಲ. ಆದರೆ ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುತ್ತದೆ. ರಾಯಚೂರು, ಬಳ್ಳಾರಿ, ಉಡುಪಿ ಜಿಲ್ಲೆಗಳಲ್ಲಿ ಅಂತಹ ಸ್ಥಾವರಗಳಿವೆ. ಒಟ್ಟಾರೆ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಲೆಕ್ಕ. ಒಂದೂವರೆ ಟನ್ನಿನ ಎ.ಸಿ. ರಾತ್ರಿ ಎಂಟು ಗಂಟೆ ನಡೆದರೆ 8ರಿಂದ 10 ಯೂನಿಟ್ ಆಗಬಹುದು. ಅಂದರೆ ಆರೇಳು ಕಿಲೋ. ಹಳೆಯ ಫ್ಯಾನ್ 75 ವ್ಯಾಟ್ ತೆಗೆದುಕೊಂಡರೆ ಹೊಸ ಬಗೆಯ ಫ್ಯಾನಿಗೆ 30 ವ್ಯಾಟ್ ಸಾಕು. ನಮಾಝ್ ಮುಗಿದು ಎಲ್ಲರೂ ಹೋದ ಬಳಿಕವೂ ಖಾಲಿ ಮಸೀದಿಯಲ್ಲಿ ತಿರುಗುವ ಫ್ಯಾನುಗಳನ್ನು ನೀವು ನೋಡಿಲ್ಲವೇ? ಮಸೀದಿಯ ತಾರಸಿಯ ಮೇಲೆ ಇಡೀ ದಿನ ಬಿಸಿಲು ಬೀಳುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಕಟ್ಟಿದ ನಾಡಿನಲ್ಲಿ ಒಂದು ಮಸೀದಿಗೆ ಸೌರ ಫಲಕ ಹಾಕಿಸುವುದು ಅಸಾಧ್ಯವೇನಲ್ಲ.

ಎರಡನೆಯದು ಪ್ರಯಾಣ. ತುಂಬಿದ ಬಸ್ಸಿನಲ್ಲಿ ಹೋಗುವವನ ಪಾಲಿಗೆ ಬರುವ ಇಂಧನ ಕಾರಿನಲ್ಲಿ ಒಬ್ಬನೇ ಹೋಗುವವನದಕ್ಕಿಂತ ಎಷ್ಟೋ ಪಾಲು ಕಡಿಮೆ. ಪಕ್ಕದ ಬೀದಿಯ ಮಸೀದಿಗೂ ಬೈಕ್ ಹೊರಡಿಸುವ ಯುವಕರು ಒಂದು ಮಾತು ನೆನಪಿಡಲಿ: ಮಸೀದಿಗೆ ನಡೆದು ಬರುವವನ ಪ್ರತಿ ಹೆಜ್ಜೆಗೂ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ಸುವಾರ್ತೆ ನೀಡಿರುವರು.

ಮೂರನೆಯದು ಅನ್ನ. ಇದನ್ನು ವಿದ್ಯಾರ್ಥಿಗಳು ಬಹುತೇಕ ಗಮನಿಸುವುದೇ ಇಲ್ಲ. ಜಗತ್ತಿನಲ್ಲಿ ವ್ಯರ್ಥವಾಗುವ ಆಹಾರದಿಂದ ಹೊರಬರುವ ಅನಿಲಗಳು ಮನುಷ್ಯ ಉಂಟುಮಾಡುವ ಒಟ್ಟು ಹಸಿರುಮನೆ ಅನಿಲಗಳ ಶೇಕಡಾ 8ರಿಂದ 10ರಷ್ಟು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2019ರ ವರದಿ ಅಂದಾಜಿಸಿದೆ. ಭತ್ತದ ಗದ್ದೆ, ಗೊಬ್ಬರ, ಲಾರಿ, ಅಡುಗೆಯ ಗ್ಯಾಸ್ ಎಲ್ಲದರ ಖರ್ಚೂ ಒಂದು ಅನ್ನದ ಅಗುಳಿನಲ್ಲಿದೆ. ಅದನ್ನು ಕಸದ ರಾಶಿಗೆ ಎಸೆದರೆ ಕೊಳೆತು ಮಿಥೇನ್ ಆಗುತ್ತದೆ. ಅದು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿರಿ ಎಂಬ ಆದೇಶ (7:31) ನಮ್ಮ ಮದುವೆ ಮಂಟಪಗಳಲ್ಲಿ ಏನಾಗಿದೆ? ಅರ್ಧ ತಿಂದು ಬಿಟ್ಟ ಬಿರಿಯಾನಿಯ ತಟ್ಟೆಗಳನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ರಮಝಾನ್ ತಿಂಗಳಲ್ಲೇ ನಮ್ಮ ಕಸದ ಬುಟ್ಟಿ ಹೆಚ್ಚು ತುಂಬುವುದು ನಾಚಿಕೆಯ ವಿಷಯವಲ್ಲವೇ?

ನಾಲ್ಕನೆಯದು ನೀರು. ನೀರಿಗೂ ಬಿಸಿಗೂ ಏನು ನಂಟು ಎನ್ನಬೇಡಿರಿ. ಬೆಂಗಳೂರಿಗೆ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. ಕೊಳವೆಬಾವಿಯ ನೀರೂ ವಿದ್ಯುತ್ತಿನಿಂದಲೇ ಮೇಲೆ ಬರುತ್ತದೆ. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿನ ಆಸುಪಾಸಿನ ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಲ್ಲಿಯನ್ನು ಪೂರ್ತಿ ತೆರೆದಿಟ್ಟು ಮಾತನಾಡುತ್ತಾ ವುಝೂ ಮಾಡುವ ನಾವು ಎಷ್ಟು ಲೀಟರ್ ಹರಿಸುತ್ತೇವೆ?

ಹಡಗಿನ ಕೆಳ ಅಂತಸ್ತು

ಕೊನೆಯ ತಪ್ಪು ಎಲ್ಲಕ್ಕಿಂತ ಅಪಾಯಕಾರಿ. ನಾನೊಬ್ಬ ಬದಲಾದರೆ ಏನಾಗುತ್ತದೆ, ಮಾಡಿದವರು ಅಮೆರಿಕದವರು, ಯುರೋಪಿನವರು ಎಂದು ಕೆಲವರು ಹೇಳುತ್ತಾರೆ. ಎಲ್ಲವೂ ವಿಧಿಯಂತೆ ಆಗುತ್ತದೆ, ಇವು ಅಂತ್ಯ ದಿನದ ಲಕ್ಷಣಗಳು ಎಂದು ಇನ್ನು ಕೆಲವರು ಕೈಕಟ್ಟಿ ಕೂರುತ್ತಾರೆ.

ಮೊದಲ ಮಾತಿನಲ್ಲಿ ಸತ್ಯಾಂಶವಿದೆ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ ಅಮೆರಿಕದವನ ಪಾಲಿಗೆ ಸುಮಾರು 14 ಟನ್ ಬರುತ್ತದೆ. ಹೆಚ್ಚು ಹೊಗೆ ಬಿಟ್ಟವರು ಹೆಚ್ಚು ಹೊರೆ ಹೊರಬೇಕೆಂಬುದು ನ್ಯಾಯ. 1992ರ ರಿಯೋ ಸಮ್ಮೇಳನದಲ್ಲಿ ರಾಷ್ಟ್ರಗಳು ಅದನ್ನು ತತ್ವವಾಗಿ ಒಪ್ಪಿಕೊಂಡಿದ್ದವು. ಆ ನ್ಯಾಯಕ್ಕಾಗಿ ದನಿಯೆತ್ತುವುದೂ ವಿದ್ಯಾವಂತನ ಕರ್ತವ್ಯ. ಆದರೆ ಹಾಗೆ ದನಿಯೆತ್ತುವಾಗ ಕತರ್, ಕುವೈತ್, ಎಮಿರೇಟ್ಸ್‌ಗಳಂತಹ ಮುಸ್ಲಿಮ್ ರಾಷ್ಟ್ರಗಳ ತಲಾ ಪ್ರಮಾಣ ಅಮೆರಿಕಕ್ಕಿಂತಲೂ ಹೆಚ್ಚೆಂಬುದನ್ನು ಮರೆಮಾಚಬಾರದು. ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ಸಾಕ್ಷ್ಯ ನುಡಿಯಬೇಕೆಂದು ಕುರ್‌ಆನ್ ಕಲಿಸುತ್ತದೆ (4:135). 2015ರಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ಮುಸ್ಲಿಮ್ ವಿದ್ವಾಂಸರು ಹೊರಡಿಸಿದ ಹವಾಮಾನ ಘೋಷಣೆಯೂ ಶ್ರೀಮಂತ ದೇಶಗಳ ಜೊತೆಗೆ ತೈಲ ರಾಷ್ಟ್ರಗಳನ್ನು ಹೆಸರಿಸಿ ಹೊಣೆಯನ್ನು ನೆನಪಿಸಿತು.

ಬುಖಾರಿಯಲ್ಲಿರುವ ಒಂದು ದೃಷ್ಟಾಂತ ನಿಮಗೆ ಗೊತ್ತಿರಬಹುದು. ಒಂದು ಹಡಗಿನಲ್ಲಿ ಕೆಲವರು ಮೇಲಂತಸ್ತಿನಲ್ಲೂ ಕೆಲವರು ಕೆಳ ಅಂತಸ್ತಿನಲ್ಲೂ ಇದ್ದರು. ನೀರಿಗಾಗಿ ಮೇಲೇರಿ ಹೋಗಿ ಇತರರಿಗೆ ತೊಂದರೆ ಕೊಡುವ ಬದಲು ನಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯೋಣ ಎಂದು ಕೆಳಗಿನವರು ಯೋಚಿಸಿದರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುವರು, ಕೈ ಹಿಡಿದು ತಡೆದರೆ ಎಲ್ಲರೂ ಪಾರಾಗುವರು ಎಂದು ಪ್ರವಾದಿವರ್ಯರು(ಸ) ವಿವರಿಸಿದರು. ಇಂದು ತೂತು ಕೊರೆಯುವವರು ಮೇಲಂತಸ್ತಿನಲ್ಲೂ ಇದ್ದಾರೆ, ಕೆಳ ಅಂತಸ್ತಿನಲ್ಲೂ ಇದ್ದಾರೆ. ಗಾಳಿಗೆ ಗಡಿಯಿಲ್ಲ. ನೀರು ಒಳನುಗ್ಗಿದಾಗ ಮೊದಲು ಮುಳುಗುವವರು ಮಾತ್ರ ಕೆಳಗಿನವರು: ಕಡಲಂಚಿನ ಬೆಸ್ತ, ಮಳೆ ನಂಬಿದ ರೈತ, ಬಿಸಿಲಲ್ಲಿ ಕಲ್ಲು ಹೊರುವ ಕೂಲಿ.

ವಿಧಿಯ ನೆಪ ಹೇಳುವವರಿಗೆ ಒಂಟೆಯನ್ನು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದ ಪ್ರವಾದಿ(ಸ)ರ ಬೋಧನೆಯೇ ಸಾಕು. ಮನುಷ್ಯರ ಕೈಗಳ ಗಳಿಕೆಯಿಂದಲೇ ನೆಲದಲ್ಲೂ ಜಲದಲ್ಲೂ ಕ್ಷೋಭೆ ತಲೆದೋರಿತೆಂದು ಹೇಳುವ ಸೂಕ್ತವು (30:41) ಅಲ್ಲಿಗೇ ನಿಲ್ಲುವುದಿಲ್ಲ. ಅವರು ಮಾಡಿದ್ದರ ಸ್ವಲ್ಪ ರುಚಿಯನ್ನು ಅವರಿಗೆ ತೋರಿಸುವುದು ಅವರು ಮರಳಿ ಬರಲೆಂದು ಎಂಬುದನ್ನೂ ಅದು ತಿಳಿಸುತ್ತದೆ. ಮರಳುವ ದಾರಿ ಇನ್ನೂ ತೆರೆದಿದೆ. ಓಝೋನ್ ಪದರದ ಅನುಭವವೇ ಅದಕ್ಕೆ ಸಾಕ್ಷಿ. ಮನುಷ್ಯರು ಒಂದಾಗಿ ತಪ್ಪನ್ನು ಕೈಬಿಟ್ಟಾಗ ಆಕಾಶದ ಗಾಯವೂ ಮಾಯತೊಡಗಿತು.

ನೀವು ಕಲಿತದ್ದರ ಲೆಕ್ಕ

ಈಗ ನೀವು ಮೊದಲು ಬರೆದ ಕಾಗದವನ್ನು ಕೈಗೆತ್ತಿಕೊಳ್ಳಿರಿ. ಉತ್ತರವನ್ನು ತಿದ್ದಿಕೊಳ್ಳಿರಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿರಿ: ಈ ತಿಂಗಳಿನಿಂದ ನಾನು ಬಿಡುವುದು ಏನು? ಒಂದೇ ಒಂದನ್ನು ಆರಿಸಿಕೊಳ್ಳಿರಿ, ಆದರೆ ಭಾರವಿರುವ ಕಡೆಯಿಂದ ಆರಿಸಿರಿ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗುವುದಿರಬಹುದು, ತಟ್ಟೆಯಲ್ಲಿ ಅನ್ನ ಬಿಡದಿರುವುದಿರಬಹುದು, ಮಸೀದಿ ಕಮಿಟಿಯ ಮುಂದೆ ಸೌರ ವಿದ್ಯುತ್ತಿನ ಪ್ರಸ್ತಾಪವಿಡುವುದಿರಬಹುದು. ಕರ್ಮಗಳಲ್ಲಿ ಅಲ್ಲಾಹನಿಗೆ ಹೆಚ್ಚು ಪ್ರಿಯವಾದುದು, ಅಲ್ಪವಾದರೂ ನಿರಂತರವಾಗಿ ಮಾಡುವಂಥದ್ದು.

ನಾಳೆ ಪರಲೋಕದಲ್ಲಿ ಆಯುಷ್ಯವನ್ನು ಯಾವುದರಲ್ಲಿ ಕಳೆದೆ, ಜ್ಞಾನದಿಂದ ಏನು ಮಾಡಿದೆ, ಸಂಪತ್ತನ್ನು ಹೇಗೆ ಗಳಿಸಿ ಎಲ್ಲಿ ಖರ್ಚು ಮಾಡಿದೆ, ಶರೀರವನ್ನು ಯಾವುದರಲ್ಲಿ ಸವೆಸಿದೆ ಎಂದು ವಿಚಾರಿಸಲ್ಪಡುವ ತನಕ ದಾಸನ ಪಾದಗಳು ಕದಲಲಾರವು ಎಂದು ತಿರ್ಮಿದಿಯ ಹದೀಸ್ ಎಚ್ಚರಿಸುತ್ತದೆ. ಕಾಲೇಜಿನ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಗೆ ಬರೆದ ಉತ್ತರ ಅಲ್ಲಿ ಸಾಲದು. ತಿಳಿಯದವನಿಗಿಂತ ತಿಳಿದವನ ಮೇಲಿನ ಹೊಣೆ ಹೆಚ್ಚು.

ಪ್ರಯೋಜನ ನೀಡದ ಜ್ಞಾನದಿಂದ ಪ್ರವಾದಿವರ್ಯರು(ಸ) ಅಲ್ಲಾಹನ ಅಭಯ ಬೇಡುತ್ತಿದ್ದರು. ನಾವೂ ಬೇಡೋಣ. ಕಲಿತದ್ದನ್ನು ಸರಿಯಾಗಿ ಅರಿಯುವ, ಅರಿತದ್ದನ್ನು ಬಾಳಿನಲ್ಲಿ ತರುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.